ಕಿರುಬಂಡವಾಳದ ಚಲನಚಿತ್ರ: ಕೆಲವು ಅನುಭವದ ಮಾತುಗಳು



ಚಲನಚಿತ್ರ ತಯಾರಿಸುವ ಹಂಬಲವುಳ್ಳ ನಮ್ಮ ತರುಣ ತರುಣಿಯರಿಗೆ ನಾಲ್ಕು ಉಪಯುಕ್ತ ಮಾತು ಹೇಳಬೇಕೆಂದು ಗೆಳೆಯರು ನನ್ನನ್ನು ಕರೆದಿದ್ದಾರೆ. ನಾನು ಪ್ರಸಿದ್ಧ ನಿರ್ದೇಶಕನಲ್ಲ. ಇಪ್ಪತ್ತೈದು ವರ್ಷಗಳಿಂದ ಈ ರಾಜಧಾನಿಯಲ್ಲಿ ಇತರರ ಸಾಕ್ಷ್ಯಚಿತ್ರಗಳನ್ನು ಸಂಕಲನ ಮಾಡಿ ಹೊಟ್ಟೆ ಹೊರೆದುಕೊಂಡವನು. ಸ್ವಂತದ್ದೆಂದು ಹೇಳಿಕೊಳ್ಳಲು ಎರಡು ಕಿರುಚಿತ್ರಗಳಿವೆ. ಅವುಗಳಲ್ಲಿ ಒಂದು ಕೆಟ್ಟಿತು. ಕೆಟ್ಟದ್ದರಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಾನು ಕಲಿತದ್ದೆಲ್ಲ ಅದರಿಂದಲೇ.

2009ರ ಜೂನ್ ತಿಂಗಳು. ನೇತಾಜಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಮಗನ ಜೊತೆ ವಾಸವಾಗಿದ್ದ ಹಿರಿಯರೊಬ್ಬರ ಮಾತುಗಳನ್ನು ಚಿತ್ರೀಕರಿಸಲು ಹೋದೆ. ಧಾರವಾಡದ ಕಡೆಯವರು. 1956ರಲ್ಲಿ ಗುಮಾಸ್ತೆಯ ಕೆಲಸಕ್ಕೆಂದು ದೆಹಲಿಗೆ ಬಂದವರು. ಆ ವರ್ಷದ ನವೆಂಬರ್ ಒಂದರಂದು ಏಕೀಕರಣದ ಸುದ್ದಿಯನ್ನು ಇಲ್ಲಿಯ ಮೆಸ್ಸೊಂದರಲ್ಲಿ ಕುಳಿತು ಕೇಳಿದವರು. ಎರಡು ಮಧ್ಯಾಹ್ನ ನಾಲ್ಕು ಗಂಟೆಗಳ ಕಾಲ ಮಾತನಾಡಿದರು. ಎರವಲು ತಂದ ಕ್ಯಾಮೆರಾ ಒಳ್ಳೆಯದಿತ್ತು, ಮುಖದ ಸುಕ್ಕುಗಳು ಸಹ ಎಣಿಸುವಷ್ಟು ಸ್ಪಷ್ಟವಾಗಿ ಬಂದವು. ಆದರೆ ಧ್ವನಿಗೆ ಕ್ಯಾಮೆರಾದಲ್ಲೇ ಇದ್ದ ಮೈಕನ್ನು ನೆಚ್ಚಿದ್ದೆ. ಕಿಟಕಿಯಲ್ಲಿ ಕೂಲರ್ ತಿರುಗುತ್ತಿತ್ತು. ಜೂನ್ ತಿಂಗಳಲ್ಲಿ ಎಪ್ಪತ್ತು ದಾಟಿದವರ ಮನೆಯಲ್ಲಿ ಕೂಲರ್ ನಿಲ್ಲಿಸಿ ಎನ್ನಲು ಸಂಕೋಚವಾಯಿತು. ಮನೆಗೆ ಬಂದು ಕೇಳಿದರೆ ಕೂಲರ್ ಇದೆ, ಹಿರಿಯರಿಲ್ಲ. ಚಳಿಗಾಲದಲ್ಲಿ ಮತ್ತೆ ಹೋಗೋಣವೆಂದುಕೊಂಡೆ. ಚಳಿಗಾಲ ಬಂತು; ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ನೇತಾಜಿ ನಗರ, ಸರೋಜಿನಿ ನಗರ ಮೊದಲಾದ ಏಳು ಸರ್ಕಾರಿ ವಸತಿಗಳ ಪುನರ್ನಿರ್ಮಾಣಕ್ಕೆ 2016ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆಯಿತ್ತ ಮೇಲೆ ಆ ಮನೆಯೂ ಇಲ್ಲವಾಯಿತು. ಈಗ ಉಳಿದಿರುವುದು ತುಟಿ ಅಲುಗಾಡುವ ಒಂದು ಮುಖ.

ಆದ್ದರಿಂದ ನನ್ನ ಮೊದಲ ಸಲಹೆ ಕ್ಯಾಮೆರಾದ ಬಗ್ಗೆ ಅಲ್ಲ. ನಿಮ್ಮಲ್ಲಿ ನೂರು ರೂಪಾಯಿ ಇದ್ದರೆ ಮೊದಲ ನಲವತ್ತನ್ನು ಧ್ವನಿಗೆ ಎತ್ತಿಡಿ. ಇಂದು ಜೇಬಿನ ಫೋನಿನಲ್ಲಿಯೂ ಸಹಿಸಬಹುದಾದ ಚಿತ್ರ ಸಿಗುತ್ತದೆ. ಪ್ರೇಕ್ಷಕನು ಮಸುಕಾದ ಚಿತ್ರವನ್ನು ಕ್ಷಮಿಸುತ್ತಾನೆ. ಕೇಳಿಸದ ಮಾತನ್ನು ಕ್ಷಮಿಸುವುದಿಲ್ಲ. ಒಂದು ಪ್ರತ್ಯೇಕ ರೆಕಾರ್ಡರ್, ಅಂಗಿಗೆ ಸಿಕ್ಕಿಸುವ ಒಂದು ಮೈಕು, ಕೋಲಿಗೆ ಕಟ್ಟಿ ಹಿಡಿಯುವ ಇನ್ನೊಂದು ಮೈಕು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆ ಕೆಲಸವನ್ನಷ್ಟೇ ಮಾಡುವ ಒಬ್ಬ ಮನುಷ್ಯ. ಚಿತ್ರೀಕರಣ ಮುಗಿದ ಮೇಲೆ ಎಲ್ಲರೂ ಒಂದು ನಿಮಿಷ ಬಾಯಿ ಮುಚ್ಚಿ ನಿಂತು ಆ ಕೋಣೆಯ ಮೌನವನ್ನೂ ದಾಖಲಿಸಿಕೊಳ್ಳಿ. ಸಂಕಲನದಲ್ಲಿ ಮಾತುಗಳ ನಡುವಿನ ಹೊಲಿಗೆ ಕಾಣದಂತೆ ಮಾಡುವುದು ಆ ಒಂದು ನಿಮಿಷವೇ. ದೆಹಲಿಯ ಮೌನ ಅಪರೂಪದ ವಸ್ತು. ಪಾಲಂ ಕಡೆಗೆ ಇಳಿಯುವ ವಿಮಾನ, ಪಕ್ಕದ ಮನೆಯ ಕುಕ್ಕರಿನ ಸೀಟಿ, ಮದುವೆಯ ಹಂಗಾಮಿನಲ್ಲಿ ಸಂಜೆಯಿಂದ ನಡುರಾತ್ರಿಯವರೆಗೆ ಬ್ಯಾಂಡು, ಇವೆಲ್ಲವನ್ನೂ ಸ್ಥಳ ನೋಡಲು ಹೋದಾಗಲೇ ಕಿವಿಯಿಂದ ನೋಡಿಬರಬೇಕು.

ಎರಡನೆಯದು ಕತೆಯ ವಿಚಾರ. ಸಣ್ಣ ಚಿತ್ರವೆಂದರೆ ದೊಡ್ಡ ಚಿತ್ರದ ಬಡ ನಕಲಲ್ಲ. ಕತೆಯನ್ನು ಬರೆದು ಅದಕ್ಕೆ ತಕ್ಕ ಮನೆ, ಜನ, ವಾಹನ ಹುಡುಕುವುದು ಹಣವಂತರ ಕ್ರಮ. ನಾವು ಇರುವ ಮನೆ, ಇರುವ ಜನರನ್ನು ನೋಡಿ ಕತೆ ಬರೆಯಬೇಕು. 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಪಡೆದ ರಾಮ್ ರೆಡ್ಡಿಯವರ ‘ತಿಥಿ’ಯನ್ನು ನೆನಪಿಸಿಕೊಳ್ಳಿ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತಮುತ್ತ, ಎಂದೂ ನಟಿಸದ ಹಳ್ಳಿಗರನ್ನೇ ಇಟ್ಟುಕೊಂಡು ಮಾಡಿದ ಚಿತ್ರ ಅದು. ಜೊತೆಗೆ ಬರೆದ ಈರೇಗೌಡರು ಆ ಊರನ್ನು ಒಳಗಿನಿಂದ ಬಲ್ಲವರು. ಮೊದಲು ಮನುಷ್ಯರು ಸಿಕ್ಕರು, ಪಾತ್ರಗಳು ಅವರ ಮೈಗೆ ಹೊಂದುವಂತೆ ಮೂಡಿದವು. ಗಡ್ಡಪ್ಪನ ನಡಿಗೆಯನ್ನು ಯಾವ ನಟನಿಗೆ ಎಷ್ಟು ಕೊಟ್ಟರೂ ಕೊಳ್ಳಲಾಗುತ್ತಿರಲಿಲ್ಲ.

ನಮ್ಮ ನೊದೆಕೊಪ್ಪಲು ಯಾವುದು? ಈ ಪ್ರಶ್ನೆಯನ್ನು ದೆಹಲಿಯ ಕನ್ನಡ ಹುಡುಗರಿಗೆ ಕೇಳಿದರೆ ಬಹುಪಾಲು ಜನ ಮಲೆನಾಡಿನ ತೋಟದ ಮನೆಯ ಕತೆಯನ್ನು ಮುಂದಿಡುತ್ತಾರೆ. ಬೇಸಿಗೆ ರಜೆಯಲ್ಲಿ ಹದಿನೈದು ದಿನ ಕಂಡ ಮನೆ ಅದು. ಸ್ವಾಮಿ, ನಿಮ್ಮ ಮನೆ ಮಯೂರ ವಿಹಾರದ ಮೂರನೆಯ ಮಹಡಿಯಲ್ಲಿದೆ. ಅಲ್ಲಿ ಅಜ್ಜಿ ಹವ್ಯಕ ಕನ್ನಡದಲ್ಲಿ ಕೇಳಿದ್ದಕ್ಕೆ ಮೊಮ್ಮಗಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ‘ಇವತ್ತು ಮೌಸಮ್ ಚೆನ್ನಾಗಿದೆ’ ಎಂದು ಅಪ್ಪ ಹೇಳುತ್ತಾರೆ. ಈ ಕನ್ನಡವನ್ನು ಯಾರೂ ತೆರೆಗೆ ತಂದಂತೆ ನನಗೆ ಕಂಡಿಲ್ಲ. ಬೆಂಗಳೂರಿನ ಪ್ರೇಕ್ಷಕರು ನಕ್ಕಾರೆಂದು ಅದನ್ನು ತಿದ್ದಬೇಡಿ. ತಿದ್ದಿದ ಕನ್ನಡದಲ್ಲಿ ನಿಮ್ಮ ಅಪ್ಪ ಸುಳ್ಳುಗಾರನಂತೆ ಕೇಳಿಸುತ್ತಾರೆ.

ಬೆಳಕಿನ ವಿಷಯದಲ್ಲಿ ದೆಹಲಿ ಉದಾರಿ. ನವೆಂಬರಿನಿಂದ ಫೆಬ್ರವರಿಯವರೆಗೆ ಸೂರ್ಯ ತಗ್ಗಿನಲ್ಲೇ ಓಡಾಡುವುದರಿಂದ ನಡುಹಗಲಿನಲ್ಲಿಯೂ ಮುಖಕ್ಕೆ ಓರೆಬೆಳಕು ದೊರೆಯುತ್ತದೆ. ಆದರೆ ಡಿಸೆಂಬರಿನಲ್ಲಿ ಸಂಜೆ ಐದೂವರೆಗೆಲ್ಲ ಹೊತ್ತು ಮುಳುಗುತ್ತದೆ, ಮುಂಜಾನೆಯನ್ನು ಮಂಜು ನುಂಗಬಹುದು; ದಿನಕ್ಕೆ ಆರು ಗಂಟೆಗಿಂತ ಹೆಚ್ಚು ಲೆಕ್ಕ ಹಾಕಬೇಡಿ. ದೀಪಗಳನ್ನು ಬಾಡಿಗೆಗೆ ತರುವ ಮುನ್ನ ಸುಬ್ರತ ಮಿತ್ರರನ್ನು ನೆನೆಯಿರಿ. ಸತ್ಯಜಿತ್ ರಾಯರ ‘ಅಪರಾಜಿತೊ’ ಚಿತ್ರಕ್ಕಾಗಿ ಕಾಶಿಯ ಮನೆಯ ಅಂಗಳವನ್ನು ಕಲ್ಕತ್ತೆಯ ಸ್ಟುಡಿಯೋದಲ್ಲಿ ಕಟ್ಟಿದಾಗ, ಅವರು ಮೇಲೆ ಬಿಳಿಬಟ್ಟೆ ಬಿಗಿದು ದೀಪಗಳನ್ನು ಅದಕ್ಕೆ ಹಾಯಿಸಿ, ಅಲ್ಲಿಂದ ಮರಳಿದ ಮೆತ್ತನೆಯ ಬೆಳಕಿನಲ್ಲಿ ಚಿತ್ರೀಕರಿಸಿದರು. ಅದು 1956ರ ಚಿತ್ರ. ನನ್ನ ಎರಡನೆಯ ಚಿತ್ರದಲ್ಲಿ ಆ ಕೆಲಸವನ್ನು ನನ್ನ ತಂದೆಯವರ ಎರಡು ಹಳೆಯ ಪಂಚೆಗಳು ಮಾಡಿದವು.

ಇನ್ನು ಅನುಮತಿಗಳು. ಇಲ್ಲಿ ಮೆಟ್ರೋ ಹತ್ತಿ ಒಂದು ಗಂಟೆಯೊಳಗೆ ಮೂರು ಸರ್ಕಾರಗಳನ್ನು ದಾಟಬಹುದು: ಗುರುಗ್ರಾಮ ಹರಿಯಾಣದ್ದು, ನೋಯ್ಡಾ ಉತ್ತರ ಪ್ರದೇಶದ್ದು, ನಡುವೆ ದೆಹಲಿ. ದೆಹಲಿ ಸರ್ಕಾರ 2022ರಲ್ಲಿ ಚಲನಚಿತ್ರ ನೀತಿಯನ್ನು ಪ್ರಕಟಿಸಿ ಏಕಗವಾಕ್ಷಿ ಅನುಮತಿಯ ವ್ಯವಸ್ಥೆಯನ್ನು ಮುಂದಿಟ್ಟಿತು. ಆದರೂ ಸ್ಮಾರಕಗಳು ಪುರಾತತ್ತ್ವ ಸರ್ವೇಕ್ಷಣೆಯ ಅಧೀನ, ರೈಲು ರೈಲ್ವೆಯ ಅಧೀನ, ಮೆಟ್ರೋ ತನ್ನದೇ ಅಧೀನ. ಆಕಾಶದ ಬಹುಭಾಗ ಡ್ರೋನಿಗೆ ನಿಷಿದ್ಧ. ಕುತುಬ್ ಮಿನಾರ್ ಇಲ್ಲದಿದ್ದರೆ ದೆಹಲಿಯೆಂದು ತಿಳಿಯುವುದಿಲ್ಲವಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟೆ: ಬರ್ಸಾತಿಯ ತಾರಸಿ, ಕಬ್ಬಿಣದ ಟ್ರಂಕು, ಬಿಸಿಲಿಗೆ ಹರವಿದ ರಜಾಯಿ ತೋರಿಸಿ, ತಿಳಿಯುತ್ತದೆ. ಮನೆಯೊಳಗೆ ಚಿತ್ರೀಕರಿಸುವಾಗಲೂ ಮನೆಯ ಮಾಲೀಕರಿಂದ ಒಂದು ಪತ್ರ, ತೆರೆಯ ಮೇಲೆ ಬರುವ ಪ್ರತಿಯೊಬ್ಬರಿಂದ ಒಂದು ಪತ್ರ ಬರೆಸಿಕೊಳ್ಳಿ. ಮಾವನೇ ಆಗಿರಲಿ, ಸಹಿ ಬೇಕು. ಉತ್ಸವಗಳೂ ಕೊಳ್ಳುವವರೂ ಕೇಳುವ ಮೊದಲ ಕಾಗದ ಅದು.

ಒಂದು ಹಸು ತೆರೆಯ ಮೇಲೆ ನಡೆದು ಹೋಗಬೇಕೆಂದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯನ್ನು ಚಿತ್ರೀಕರಣಕ್ಕೆ ಮೊದಲೇ ಪಡೆಯಬೇಕು. ಇಲ್ಲದಿದ್ದರೆ ಸೆನ್ಸಾರ್ ಮಂಡಳಿಯ ಮುಂದೆ ಆ ಹಸುವನ್ನು ಕತ್ತರಿಸಬೇಕಾಗುತ್ತದೆ, ಚಿತ್ರದಿಂದ ಎಂಬರ್ಥದಲ್ಲಿ. ಚೆನ್ನೈಯಲ್ಲಿದ್ದ ಆ ಮಂಡಳಿಯ ಕೇಂದ್ರ ಕಚೇರಿ 2018ರಲ್ಲಿ ನಮ್ಮ ನೆರೆಯ ಬಲ್ಲಭಗಢಕ್ಕೆ ಬಂದಿದೆ. ಕನ್ನಡ ಚಿತ್ರಗಳ ಪೈಕಿ ನಮಗಿರುವ ಏಕೈಕ ಭೌಗೋಳಿಕ ಅನುಕೂಲ ಇದೇ ಇರಬೇಕು.

ಹಾಡಿನ ವಿಚಾರದಲ್ಲಿ ನಮ್ಮವರು ಬಹಳ ಅಮಾಯಕರು. ಅಜ್ಜಿ ಅಡಿಗೆಮನೆಯಲ್ಲಿ ಬೇಂದ್ರೆಯವರ ಗೀತೆಯೊಂದನ್ನು ಗುನುಗಿದರೆ ಅದಕ್ಕೂ ಅನುಮತಿ ಪಡೆಯುವುದು ಕ್ಷೇಮ. ನಮ್ಮ ಕಾನೂನಿನಲ್ಲಿ ಕೃತಿಸ್ವಾಮ್ಯ ಕವಿಯ ಮರಣಾನಂತರ ಅರವತ್ತು ವರ್ಷ ಉಳಿಯುತ್ತದೆ. ಬೇಂದ್ರೆ 1981ರಲ್ಲಿ ತೀರಿಕೊಂಡರು, ಆದ್ದರಿಂದ 2041ರ ಕೊನೆಯವರೆಗೆ. ಕುವೆಂಪು 1994ರಲ್ಲಿ, ಆದ್ದರಿಂದ 2054ರವರೆಗೆ. 1937ರಲ್ಲಿ ಗತಿಸಿದ ಪಂಜೆಯವರ ಪದ್ಯಗಳು ಈಗ ಎಲ್ಲರವು. ಪುರಂದರದಾಸರಂತೂ ಎಂದಿನಿಂದಲೂ ಎಲ್ಲರವರು. ಆದರೆ ಹಾಡಿದವರ ಧ್ವನಿಮುದ್ರಿಕೆ ಬೇರೆಯೇ ಸೊತ್ತು. ಅದಕ್ಕೆ ಪ್ರಕಟವಾದಂದಿನಿಂದ ಅರವತ್ತು ವರ್ಷದ ಲೆಕ್ಕ. ಕ್ಯಾಸೆಟ್ಟಿನ ದಾಸರ ಪದವನ್ನು ಹಾಗೆಯೇ ಎತ್ತಿಕೊಳ್ಳಬೇಡಿ, ಅಜ್ಜಿಯಿಂದಲೇ ಹಾಡಿಸಿ.

ಹಣ ಎಲ್ಲಿಂದ? 1976ರ ‘ಮಂಥನ್’ ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹೈನುಗಾರರು ತಲಾ ಎರಡು ರೂಪಾಯಿ ಕೊಟ್ಟರು. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರು ಊರೂರು ತಿರುಗಿ ಜನರಿಂದ ಸಂಗ್ರಹಿಸಿ 1986ರಲ್ಲಿ ‘ಅಮ್ಮ ಅರಿಯಾನ್’ ಮುಗಿಸಿದರು. ಕನ್ನಡದಲ್ಲಿ ಪವನ್ ಕುಮಾರರ ‘ಲೂಸಿಯಾ’ (2013) ಪ್ರೇಕ್ಷಕರ ಹಣದಿಂದಲೇ ಆಯಿತು. ನಾವು ಹೊರನಾಡ ಕನ್ನಡಿಗರು ರಾಜ್ಯೋತ್ಸವಕ್ಕೆ ಶಾಮಿಯಾನ, ಊಟ, ಬೆಂಗಳೂರಿನಿಂದ ಬರುವ ಗಣ್ಯರ ವಿಮಾನದ ಟಿಕೆಟ್ ಎಂದು ಖರ್ಚು ಮಾಡುವವರು. ಒಂದು ವರ್ಷ ಗಣ್ಯರೊಬ್ಬರು ಕಡಿಮೆಯಾದರೆ ಒಂದು ಕಿರುಚಿತ್ರದ ಧ್ವನಿಯ ಖರ್ಚು ಹುಟ್ಟುತ್ತದೆ. ಅಧ್ಯಕ್ಷರು ನಗುತ್ತಿದ್ದಾರೆ, ಇದನ್ನು ನಡಾವಳಿಯಲ್ಲಿ ಬರೆದುಕೊಳ್ಳಬೇಕೆಂದು ಕೋರುತ್ತೇನೆ. ಹಣ ಕೊಟ್ಟವರಿಗೆ ಲೆಕ್ಕದ ಪುಸ್ತಕ ತೋರಿಸುವುದು ಮಾತ್ರ ನಿಮ್ಮ ಕರ್ತವ್ಯ. ನಟರಿಗೆ ಸಂಭಾವನೆ ಕೊಡಲಾಗದಿದ್ದರೂ ಬಿಸಿ ಊಟ, ರಾತ್ರಿ ಮನೆಗೆ ಮುಟ್ಟಿಸುವ ಟ್ಯಾಕ್ಸಿ, ಇವೆರಡರಲ್ಲಿ ಜಿಪುಣತನ ಬೇಡ.

ತೋರಿಸುವುದೆಲ್ಲಿ ಎಂಬುದಕ್ಕೆ ಹಿತವಾದ ಉತ್ತರ ನನ್ನಲ್ಲಿಲ್ಲ. ರಕ್ಷಿತ್ ಶೆಟ್ಟಿಯವರಂಥ ಹೆಸರುಳ್ಳವರು ನಿರ್ಮಿಸಿದ ‘ಏಕಂ’ ಸರಣಿಯನ್ನೇ ದೊಡ್ಡ ಓಟಿಟಿ ಸಂಸ್ಥೆಗಳು ಕೊಳ್ಳದೆ, ಅದು 2024ರಲ್ಲಿ ತನ್ನದೇ ತಾಣದಲ್ಲಿ ಬಿಡುಗಡೆಯಾಗಬೇಕಾಯಿತು. ಕನ್ನಡಕ್ಕೆ ಮಾರುಕಟ್ಟೆಯಿಲ್ಲವೆನ್ನುವವರು ಕನ್ನಡಿಗರನ್ನು ಎಣಿಸಿಲ್ಲ. ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈಗಳ ಸಂಘಗಳಿಗೆ ಸಭಾಂಗಣಗಳಿವೆ, ಪರದೆಗಳಿವೆ. ಈ ಸಂಘಗಳು ಪರಸ್ಪರ ಚಿತ್ರಗಳನ್ನು ಕಳುಹಿಸಿಕೊಳ್ಳುವ ಏರ್ಪಾಡು ಆಗಲಿ. ಸಾರ್ವಜನಿಕ ಪ್ರದರ್ಶನಕ್ಕೆ 1952ರ ಕಾಯಿದೆಯಂತೆ ಪ್ರಮಾಣಪತ್ರ ಬೇಕೆಂಬುದನ್ನು ಮಾತ್ರ ಮರೆಯಬೇಡಿ. ಅದರ ಶುಲ್ಕವನ್ನು ಮೊದಲ ದಿನವೇ ಬಜೆಟ್ಟಿನಲ್ಲಿ ಬರೆಯಿರಿ.

1950-60ರ ದಶಕಗಳಲ್ಲಿ ಇಲ್ಲಿಗೆ ಬಂದವರಲ್ಲಿ ಕೆಲವರು ಈ ಸಭೆಯಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರಿಗೆ ಈಗ ತೊಂಬತ್ತರ ಆಸುಪಾಸು. ಪೂರ್ಣಾವಧಿಯ ಚಿತ್ರಕ್ಕೆ ಕತೆ ಹುಡುಕುತ್ತಿರುವ ತರುಣರು ಅದಕ್ಕೆ ಮುಂಚೆ ಎರಡು ಭಾನುವಾರ ಇವರ ಮನೆಗೆ ಹೋಗಿಬರಲಿ. ನನ್ನ ರೆಕಾರ್ಡರನ್ನೂ ಎರಡು ಮೈಕುಗಳನ್ನೂ ಇಂದು ಸಂಘದ ಕಚೇರಿಗೆ ಒಪ್ಪಿಸಿದ್ದೇನೆ. ಯಾರು ಬೇಕಾದರೂ ಪುಸ್ತಕದಲ್ಲಿ ಸಹಿ ಹಾಕಿ ಒಯ್ಯಬಹುದು. ಬ್ಯಾಟರಿ ನೀವೇ ತರಬೇಕು; ಮತ್ತು ಕೂಲರ್ ನಿಲ್ಲಿಸಿ ಎಂದು ಕೇಳಲು ಸಂಕೋಚಪಡಬಾರದು.