ಕಾವು ಆರದ ಬೆಟ್ಟದ ಕಡೆಗೆ

ರೆಡ್‌ವುಡ್ ಸಿಟಿಯ ನಮ್ಮ ಕನ್ನಡದ ಮನೆಗಳಲ್ಲಿ ರಜೆ ಎಂದರೆ ಯೊಸೆಮಿಟಿ, ಇಲ್ಲವೇ ಟಾಹೋ. ಉತ್ತರಕ್ಕೆ ಐದು ಗಂಟೆ ಕಾರು ಓಡಿಸಿದರೆ ಸಿಗುವ ಲಾಸನ್ ನೆನಪಾಗುವುದೇ ಅಪರೂಪ. ಅದು ಜೀವಂತ ಜ್ವಾಲಾಮುಖಿ. 1914ರಲ್ಲಿ ಎಚ್ಚೆತ್ತು, 1915ರ ಮೇ 22ರಂದು ಭೋರ್ಗರೆದು ಸಿಡಿಯಿತು. ಮರುವರ್ಷವೇ ಅದು ರಾಷ್ಟ್ರೀಯ ಉದ್ಯಾನವಾಯಿತು.

ಅಲ್ಲಿಗೆ ಹೋದವರೂ ಹೆಚ್ಚಾಗಿ ಮುಖ್ಯರಸ್ತೆಯಲ್ಲೇ ಹಿಂದಿರುಗುತ್ತಾರೆ. ಈಶಾನ್ಯ ಮೂಲೆಯ ಬ್ಯೂಟ್ ಲೇಕ್ ಕಡೆಗೆ ತಿರುಗಿ ನೋಡಿ. ಅಲ್ಲಿಂದ ಸಿಂಡರ್ ಕೋನ್ ಎಂಬ ಕಪ್ಪು ಗುಡ್ಡಕ್ಕೆ ಕಾಲುದಾರಿಯಿದೆ. ಸುಮಾರು 1666ರಲ್ಲಿ ಹುಟ್ಟಿದ ಗುಡ್ಡ. ಆಗ ನಮ್ಮಲ್ಲಿ ಶಿವಾಜಿಯ ಕಾಲ. ಏರುವುದು ಜೋಳದ ರಾಶಿ ಹತ್ತಿದ ಹಾಗೆ: ಹೆಜ್ಜೆಯಿಟ್ಟಷ್ಟೂ ಹರಳು ಕುಸಿದು ಕಾಲು ಕೆಳಜಾರುತ್ತದೆ. ತುದಿಯಲ್ಲಿ ಬಾಯ್ದೆರೆದ ಕುಳಿ, ಕೆಳಗೆ ಕೆಂಪು, ಕಿತ್ತಳೆ ಬಣ್ಣದ ದಿಬ್ಬಗಳು. ಬಿಸಿ ಲಾವಾದ ಮೇಲೆ ಬಿದ್ದ ಬೂದಿಗೆ ಬಂದ ಬಣ್ಣವದು.

ವಿಜಯಪುರದ ಎರೆಮಣ್ಣು ಕೂಡ ಲಾವಾದ ಮಗುವೇ. ಆ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅಲ್ಲಿ ಇಂದು ಜೋಳ ಬೆಳೆಯುತ್ತದೆ. ಇಲ್ಲಿ ಕಲ್ಲು ಇನ್ನೂ ಮಣ್ಣಾಗಿಲ್ಲ. ಮಕ್ಕಳಿಗೆ ಇದನ್ನು ತೋರಿಸಬೇಕು ಎಂಬುದು ನನ್ನ ಆಸೆ.

ಬೇಸಿಗೆಯಲ್ಲೇ ಹೋಗಿ, ಹಿಮದಿಂದ ರಸ್ತೆ ತಡವಾಗಿ ತೆರೆಯುತ್ತದೆ. ಉದ್ಯಾನದಲ್ಲಿ ಬಿಸಿನೀರು ಕುದಿಯುವ ಜಾಗಗಳೂ ಇವೆ; ಅಲ್ಲಿ ಹಾಕಿದ ದಾರಿ ಬಿಟ್ಟು ಕದಲಬೇಡಿ. 1860ರ ದಶಕದಲ್ಲಿ ಬಂಪಾಸ್ ಎಂಬಾತ ಅಲ್ಲಿ ತೆಳುನೆಲ ಕುಸಿದು ಕಾಲು ಸುಟ್ಟುಕೊಂಡು, ಕೊನೆಗೆ ಆ ಕಾಲನ್ನೇ ಕಳೆದುಕೊಂಡ. ಮಕ್ಕಳ ಕೈ ಹಿಡಿದೇ ನಡೆಯಿರಿ.