ಮಳೆಗಾಲದಲ್ಲಿ ಮರವೇರುವ ಕಾಯಕ

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)

ಇಂತಹ ಸಭೆಯಲ್ಲಿ ಶಾಸ್ತ್ರಾರ್ಥಗಳನ್ನು ಹೇಳತಕ್ಕ ವಿದ್ವಾಂಸರು ಅನೇಕರಿದ್ದಾರೆ. ನನ್ನ ಪಾಲಿಗೆ ಬಂದಿರುವುದು ಒಂದು ಕಾಯಕದ ವಿಚಾರವು ಮಾತ್ರ.

ಗುರುಗಳ ಸನ್ನಿಧಿಗೆ ಫಲತಾಂಬೂಲವನ್ನರ್ಪಿಸದೆ ನಮ್ಮಲ್ಲಿ ಯಾವ ಮಂಗಳಕಾರ್ಯವೂ ಮೊದಲಾಗುವುದಿಲ್ಲ. ಮದುವೆಯ ಮಾತು ನಿಶ್ಚಯವಾಗುವುದು ವೀಳ್ಯದಿಂದ; ಮನೆಗೆ ಬಂದ ಅತಿಥಿಗೆ ಗೌರವವನ್ನು ತೋರಿಸುವುದು ವೀಳ್ಯದಿಂದ. ಆ ತಟ್ಟೆಯಲ್ಲಿರುವ ಅಡಿಕೆಯು ಮರದಿಂದ ತಾನಾಗಿ ಇಳಿದು ಬಂದುದಲ್ಲವಷ್ಟೆ. ಅದನ್ನು ಉಳಿಸುವುದಕ್ಕಾಗಿ ಆಷಾಢ ಶ್ರಾವಣಗಳ ಜಡಿಮಳೆಯ ನಡುವೆ ಒಬ್ಬ ಮನುಷ್ಯನು ಐವತ್ತು ಅರುವತ್ತು ಅಡಿಗಳ ಎತ್ತರಕ್ಕೆ ಏರಿರುತ್ತಾನೆ. ಆತನನ್ನು ನಾವು ಕೊನೆಗಾರನೆಂದು ಕರೆಯುತ್ತೇವೆ. ಕೆಲವು ಸೀಮೆಗಳಲ್ಲಿ ಕೊನೆಗೌಡನೆಂದೂ ಹೇಳುವುದುಂಟು. ಆತನ ಋಣವನ್ನು ನಾವು ಹೇಗೆ ತೀರಿಸತಕ್ಕುದೆಂಬುದೇ ಈ ದಿನ ನಾನು ನಿಮ್ಮ ಮುಂದಿಡುವ ಪ್ರಶ್ನೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳೆಂಬ ಈ ಮೂರು ತಾಲ್ಲೂಕುಗಳು ತುಂಗಾಭದ್ರೆಯರ ಮಡಿಲಿನಲ್ಲಿರುವುವು. ಪಶ್ಚಿಮದ ಅಂಚಿಗೆ ಹೋದಷ್ಟೂ ಮಳೆಯು ಹೆಚ್ಚು. ಪೂರ್ವಕ್ಕೆ ಬಂದಷ್ಟೂ ಕಡಮೆ. ಶೃಂಗೇರಿಯ ಸಮೀಪದ ಕಿಗ್ಗದಲ್ಲಿ ನೆಲೆಸಿರುವ ಋಷ್ಯಶೃಂಗೇಶ್ವರನನ್ನು ಜನರು ಮಳೆಯ ದೇವರೆಂದೇ ನಂಬಿ, ಬಾರದ ಮಳೆಯನ್ನು ಬರಿಸೆಂದೂ, ಬಿಡದ ಮಳೆಯನ್ನು ನಿಲ್ಲಿಸೆಂದೂ ಬೇಡಿಕೊಳ್ಳುತ್ತಾರೆ. ಅಡಿಕೆಯ ತೋಟಕ್ಕೆ ಈ ಎರಡು ಬೇಡಿಕೆಗಳೂ ಬೇಕು. ಮಳೆಯಿಲ್ಲದೆ ಅಡಿಕೆಯಿಲ್ಲ, ಮಳೆಯು ಅತಿಯಾದರೆ ಕೊಳೆರೋಗವು ತಪ್ಪುವುದಿಲ್ಲ.

ಕೊಳೆರೋಗವು ಕಣ್ಣಿಗೆ ಕಾಣದ ಒಂದು ಬಗೆಯ ಶಿಲೀಂಧ್ರದಿಂದ ಬರತಕ್ಕುದು. ಅದರ ಬೀಜಾಣುಗಳು ಕಾಯಿಯ ಮೇಲೆ ನಿಂತ ನೀರಿನ ತೆಳುವಾದ ಪದರದಲ್ಲಿ ಈಜಿಕೊಂಡು ಹೋಗಿ ಮೊಳೆಯುತ್ತವೆ. ಮಳೆ ಸುರಿದು, ನಡುನಡುವೆ ಬಿಸಿಲು ಇಣುಕಿ, ಮತ್ತೆ ಮಳೆ ಸುರಿದರೆ ಅವುಗಳಿಗೆ ಹಬ್ಬ. ಹಸುರು ಕಾಯಿಯು ಮೊದಲು ಹೊಳಪುಗೆಟ್ಟು, ನೀರುಗಟ್ಟಿದಂತಾಗಿ, ಅನಂತರ ಬಿಳಿಯ ಬೂಷ್ಟು ಕಟ್ಟಿ ಉದುರಿಹೋಗುತ್ತದೆ. ವರ್ಷದ ಗಂಜಿ, ಮಕ್ಕಳ ಓದು, ಮಗಳ ಮದುವೆ, ಎಲ್ಲವೂ ಮರದ ಬುಡದಲ್ಲಿ ಕೊಳೆತು ಬೀಳುವುದನ್ನು ಕಂಡ ಮನೆಗಳು ನಮ್ಮ ಸೀಮೆಯಲ್ಲಿ ಎಷ್ಟೋ ಇವೆ.

ನಮ್ಮ ಹಿರಿಯರು ಇದಕ್ಕೆ ಕೊಟ್ಟೆ ಕಟ್ಟುವ ಉಪಾಯವನ್ನು ಕಂಡುಕೊಂಡಿದ್ದರು. ಹಾಳೆಯಿಂದಲೋ ಹುಲ್ಲಿನಿಂದಲೋ ಮಾಡಿದ ಕೊಟ್ಟೆಯನ್ನು ಪ್ರತಿಯೊಂದು ಕೊನೆಗೂ ತೊಡಿಸಿ ಮಳೆಯ ನೀರು ತಗಲದಂತೆ ಮಾಡುತ್ತಿದ್ದರು. ಅನಂತರ 1908ರಲ್ಲಿ ಅಂದಿನ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿ, 1910ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿಯ ತೋಟಗಳಲ್ಲಿ 1885ರ ವೇಳೆಗೆ ಪ್ರಸಿದ್ಧಿಗೆ ಬಂದಿದ್ದ ಬೋರ್ಡೋ ದ್ರಾವಣವು ಅಡಿಕೆಗೂ ರಕ್ಷೆಯಾಗಬಲ್ಲುದೆಂದೂ, ಅದಕ್ಕೆ ರಾಳವನ್ನು ಸೇರಿಸಿದರೆ ಮಳೆಗೆ ತೊಳೆದುಹೋಗದೆ ಅಂಟಿಕೊಳ್ಳುವುದೆಂದೂ ಅವರು ತೋರಿಸಿಕೊಟ್ಟರು. ಬಾಳೆಹೊನ್ನೂರಿನ ಸಮೀಪದಲ್ಲಿ 1925ರಲ್ಲಿ ಕಾಫಿಯ ಸಂಶೋಧನಾ ಕೇಂದ್ರವು ಸ್ಥಾಪಿತವಾದುದೂ ಅವರು ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕಾಲದಲ್ಲಿಯೇ.

ದ್ರಾವಣದ ಪಾಕವು ಸುಲಭವಾದುದು. ಒಂದು ಕಿಲೋಗ್ರಾಮು ಮೈಲುತುತ್ತ, ಒಂದು ಕಿಲೋಗ್ರಾಮು ಸುಣ್ಣ, ನೂರು ಲೀಟರು ನೀರು. ಎರಡನ್ನೂ ಬೇರೆಬೇರೆಯಾಗಿ ಕರಗಿಸಿ ಅನಂತರ ಕೂಡಿಸಬೇಕು. ಕಬ್ಬಿಣದ ಪಾತ್ರೆಯು ಕೂಡದು. ಉಜ್ಜಿದ ಚೂರಿಯನ್ನು ಅದರಲ್ಲಿ ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣವು ಸಾಲದೆಂದು ತಿಳಿಯಬೇಕು. ಅದೇ ದಿನದ ದ್ರಾವಣವನ್ನು ಅದೇ ದಿನ ಮುಗಿಸಬೇಕು. ಇಷ್ಟೆಲ್ಲವೂ ನೆಲದ ಮೇಲಿನ ಕೆಲಸ. ಆದರೆ ಈ ಔಷಧಿಯು ಬಂದ ರೋಗವನ್ನು ಗುಣಪಡಿಸುವುದಲ್ಲ, ಬಾರದಂತೆ ತಡೆಯುವುದು ಮಾತ್ರ. ಆದುದರಿಂದ ಒಂದು ಕಾಯಿಯೂ ಬಿಡದಂತೆ ಪ್ರತಿಯೊಂದು ಕೊನೆಯೂ ತೊಯ್ಯಬೇಕು. ಅದನ್ನು ಮಾಡತಕ್ಕವನು ಮರದ ಮೇಲಿದ್ದಾನೆ.

ಎಕರೆಯೊಂದಕ್ಕೆ ಸುಮಾರು 550 ಮರಗಳು. ಮೊದಲನೆಯ ಸಿಂಪಡಣೆಯು ಮುಂಗಾರು ಹಿಡಿಯುವ ಮುನ್ನ, ಮೇ ತಿಂಗಳ ಕಡೆಯಲ್ಲಿಯೋ ಜೂನ್ ಮೊದಲಿನಲ್ಲಿಯೋ ಆಗುತ್ತದೆ. ಆಗ ಕಾಂಡವು ಒಣಗಿರುವುದರಿಂದ ಅದು ಅಷ್ಟು ಕಷ್ಟವಲ್ಲ. ಎರಡನೆಯದು ಅದಾದ 40-45 ದಿನಗಳಿಗೆ. ಲೆಕ್ಕ ಹಾಕಿ ನೋಡಿದರೆ ಅದು ಸರಿಯಾಗಿ ಪುನರ್ವಸು, ಪುಷ್ಯ ನಕ್ಷತ್ರಗಳ ಮಳೆಯಲ್ಲಿಯೇ ಬೀಳುತ್ತದೆ. ಆ ಹೊತ್ತಿಗೆ ಕಾಂಡದ ಮೇಲೆ ಪಾಚಿಯು ಬೆಳೆದಿರುತ್ತದೆ. ತೋಟದ ಕಾಲುದಾರಿಯಲ್ಲಿ ಉಂಬಳಗಳು ತುಂಬಿರುತ್ತವೆ. ಕೊನೆಗಾರನು ತಲೆಗೆ ಹಾಳೆಯ ಟೊಪ್ಪಿಯನ್ನಿಟ್ಟು, ಕಾಲಿಗೆ ತಳೆಯನ್ನು ಸಿಕ್ಕಿಸಿ, ಕೆಳಗಿನವನು ಪಂಪನ್ನು ಒತ್ತುತ್ತಿರುವಾಗ ಮೇಲಿನಿಂದ ಔಷಧಿಯನ್ನು ಹೊಡೆಯುತ್ತಾನೆ. ಒಂದು ಮರವು ಮುಗಿದೊಡನೆ ಕೆಳಗಿಳಿಯದೆ, ಮರವನ್ನೇ ತೂಗಾಡಿಸಿ ಮುಂದಿನ ಮರವನ್ನು ಹಿಡಿದು ದಾಟಿಕೊಳ್ಳುತ್ತಾನೆ. ಗಾಳಿಯು ತಿರುಗಿದರೆ ಮೈಲುತುತ್ತದ ಹನಿಗಳು ಕಣ್ಣಿಗೇ ಬೀಳುತ್ತವೆ.

ನಮ್ಮಲ್ಲಿ ಹಿಮವು ಬೀಳುವುದಿಲ್ಲ. ಆದುದರಿಂದ ಚಳಿಯಿಲ್ಲವೆಂದು ಬಯಲುಸೀಮೆಯವರು ಭಾವಿಸಬಹುದು. ಹಾಗಲ್ಲ. ಶಾಖವನ್ನು ಸೆಳೆದು ಸಾಗಿಸುವ ಗುಣವು ಗಾಳಿಗಿಂತ ನೀರಿಗೆ 20 ಪಟ್ಟಿಗೂ ಮಿಗಿಲಾಗಿದೆ. ತೊಯ್ದ ಬಟ್ಟೆಯಲ್ಲಿ, ಬೀಸುವ ಗಾಳಿಯಲ್ಲಿ, ಎರಡು ಗಂಟೆಗಳ ಕಾಲ ಮರದ ತಲೆಯಲ್ಲಿದ್ದವನಿಗೆ ಮೊದಲು ಮರಗಟ್ಟುವುದು ಬೆರಳು. ಆ ಬೆರಳೇ ಆತನ ಪ್ರಾಣಕ್ಕೆ ಆಧಾರ.

ಹಿಮ ಬೀಳುವ ದೇಶಗಳಲ್ಲಿ ಮುಗಿಲು ಮುಟ್ಟುವ ಸೌಧಗಳಿವೆ. ಅವುಗಳ ಗಾಜಿನ ಕಿಟಕಿಗಳನ್ನು ಹೊರಗಿನಿಂದ ತೊಳೆಯುವವರು ಚಳಿಗಾಲದಲ್ಲಿ ನೀರು ಗಾಜಿನ ಮೇಲೆಯೇ ಹೆಪ್ಪುಗಟ್ಟದಂತೆ ಅದಕ್ಕೆ ಮದ್ಯಸಾರವನ್ನು ಬೆರೆಸಿಕೊಂಡು, ಹಗ್ಗದಲ್ಲಿ ತೂಗಾಡುತ್ತ ಕೆಲಸಮಾಡುತ್ತಾರೆ. ಅವರ ಪಾಡೂ ನಮ್ಮ ಕೊನೆಗಾರನ ಪಾಡೂ ಒಂದೇ ಬಗೆಯದು. ಆದರೆ ಅಲ್ಲಿ ಒಂದು ಕಟ್ಟಳೆಯುಂಟು. ಹಗ್ಗದಿಂದ ಇಳಿಯುವವನಿಗೆ ಒಂದು ಹಗ್ಗವು ಸಾಲದು. ಬೇರೆಯೇ ಆಧಾರಕ್ಕೆ ಕಟ್ಟಿದ ಎರಡನೆಯ ಹಗ್ಗವೂ ಇರಬೇಕು. ಗಾಳಿಯು ಮಿತಿಮೀರಿದರೆ ಕೆಲಸವು ನಿಲ್ಲಬೇಕು. ನಮ್ಮ ಕೊನೆಗಾರನಿಗೆ ಎರಡನೆಯ ಹಗ್ಗವೆಲ್ಲಿದೆ? ಕೆಲಸವನ್ನು ನಿಲ್ಲಿಸೆಂದು ಹೇಳುವವರು ಯಾರಿದ್ದಾರೆ?

ಮಹನೀಯರೇ, ನಾನು ಹೇಳಬೇಕಾದ ಮುಖ್ಯವಾದ ಮಾತು ಇಲ್ಲಿದೆ. ಮರಕ್ಕೆ ಇಷ್ಟು, ದಿನಕ್ಕೆ ಇಷ್ಟು ಎಂದು ಕೂಲಿಯನ್ನು ಗೊತ್ತುಮಾಡಿದಾಗ, ಮಳೆ ಹೊಳವಾಗಲೆಂದು ಕಾದು ಕುಳಿತ ಹೊತ್ತಿಗೆ ಕೂಲಿಯಿಲ್ಲದೆ ಹೋಗುತ್ತದೆ. ಮನೆಯಲ್ಲಿ ಒಲೆಯು ಉರಿಯಬೇಕಾದವನು ಏನು ಮಾಡುತ್ತಾನೆ? ಜಿನುಗುಮಳೆಯಲ್ಲಿಯೇ ಏರುತ್ತಾನೆ. ತೋಟದ ಯಜಮಾನರಿಗೂ ಕಾಯಿಯು ಉದುರೀತೆಂಬ ಆತುರ. ಈ ಎರಡು ಆತುರಗಳು ಕೂಡಿದ ಕಡೆಯಲ್ಲಿ ಕಾಲು ಜಾರುತ್ತದೆ. ತೊಯ್ದ ಕಾಯಿಯ ಮೇಲೆ ಹೊಡೆದ ಔಷಧಿಯಾದರೂ ನಿಲ್ಲುವುದೇ? ಅದು ಹರಿದುಹೋಗುತ್ತದೆ. ಆದುದರಿಂದ ಮಳೆಗಾಗಿ ಕಾದ ದಿನಕ್ಕೂ ಕೂಲಿಯನ್ನು ಕೊಡುವುದು ಧರ್ಮವೂ ಹೌದು, ತೋಟಕ್ಕೆ ಲಾಭವೂ ಹೌದು. ಮೋಡವು ಕವಿದೊಡನೆ, "ಇಳಿಯಪ್ಪಾ, ಹೊಳವಾದ ಮೇಲೆ ನೋಡೋಣ, ಈ ಹೊತ್ತಿನ ಕೂಲಿಗೆ ಮೋಸವಿಲ್ಲ" ಎಂಬ ಮಾತು ಯಜಮಾನರ ಬಾಯಿಂದಲೇ ಮೊದಲು ಬರಬೇಕು. ಅಂಜುಬುರುಕನೆನಿಸಿಕೊಳ್ಳುವ ನಾಚಿಕೆಗಾಗಿ ಕೊನೆಗಾರನು ತಾನಾಗಿ ಆ ಮಾತನ್ನು ಆಡಲಾರನು.

ಇನ್ನೊಂದು ಮಾತು. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ನಮ್ಮ ತೋಟಗಳನ್ನು ಹೊಕ್ಕಿರುವುದರಿಂದ ಸಿಂಪಡಣೆಯ ಸರದಿಗಳು ಹೆಚ್ಚಿವೆ, ಮರವೇರಬಲ್ಲವರೋ ಕಡಮೆಯಾಗಿದ್ದಾರೆ. ತಂದೆಯ ಕಾಯಕವನ್ನು ಮಗನು ಹಿಡಿಯಲೊಲ್ಲನೆಂದು ಆಕ್ಷೇಪಿಸುವವರಿದ್ದಾರೆ. ಬಿದ್ದರೆ ಗತಿಯಿಲ್ಲದ ಕೆಲಸಕ್ಕೆ ಮಗನನ್ನು ಕಳುಹಿಸಲು ಯಾವ ತಾಯಿಯು ಒಪ್ಪಿಯಾಳು? ನೆಲದಲ್ಲಿಯೇ ನಿಂತು ಔಷಧಿ ಹೊಡೆಯಲು ಇಂಗಾಲದ ನಾರಿನ ಹಗುರವಾದ ದೋಟಿಗಳು ಬಂದಿವೆ. ಬಂಟ್ವಾಳ ತಾಲ್ಲೂಕಿನ ಕೃಷಿಕರೊಬ್ಬರು 2019ರಲ್ಲಿ ಮರವೇರುವ ಯಂತ್ರವನ್ನೇ ನಿರ್ಮಿಸಿ ತೋರಿಸಿದರು. ಇವು ಸ್ವಾಗತಾರ್ಹವಾದುವು. ಆದರೂ ಬಹಳ ಎತ್ತರದ ಹಳೆಯ ಮರಗಳಿಗೂ, ಇಳಿಜಾರಿನ ತೋಟಗಳಿಗೂ ಮನುಷ್ಯನೇ ಏರಬೇಕಾದ ಸಂದರ್ಭವು ಇನ್ನೂ ತಪ್ಪಿಲ್ಲ. ತೆಂಗಿನ ಮರವೇರುವವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿಯ ಅಪಘಾತ ವಿಮೆಯ ಯೋಜನೆಯುಂಟು. ತನ್ನ ತೋಟದಲ್ಲಿ ಅಡಿಕೆಯ ಮರವೇರುವವನ ಹೆಸರಿನಲ್ಲಿ ವಿಮೆಯನ್ನು ಮಾಡಿಸಿ, ಸೊಂಟಕ್ಕೆ ಕಟ್ಟುವ ರಕ್ಷಣೆಯ ಹಗ್ಗವನ್ನು ತಂದುಕೊಡುವುದು ಯಜಮಾನನಿಗೆ ಭಾರವಾಗಲಾರದು. ಒಂದು ಮಳೆಗಾಲದ ಅಡಿಕೆಯ ಬೆಲೆಯಲ್ಲಿ ಅದು ಎಷ್ಟರದು?

ಹನ್ನೆರಡನೆಯ ಶತಮಾನದ ನುಲಿಯ ಚಂದಯ್ಯನವರು ಹುಲ್ಲನ್ನು ಕೊಯ್ದು ಹಗ್ಗವನ್ನು ಹೊಸೆದು, ಅದರಿಂದ ಬಂದುದರಲ್ಲಿ ದಾಸೋಹವನ್ನು ನಡೆಯಿಸಿದ ಶರಣರು. ಹಗ್ಗ ಹೊಸೆಯುವುದನ್ನು ಪೂಜೆಯೆಂದು ಬಗೆದ ಪರಂಪರೆಗೆ ಸೇರಿದವರು ನಾವು. ಅಂದಮೇಲೆ ಹಗ್ಗವನ್ನು ನಂಬಿ ಮರವನ್ನೇರಿದವನ ಪ್ರಾಣವನ್ನು ಕಾಯುವ ಎರಡನೆಯ ಹಗ್ಗವನ್ನು ಒದಗಿಸುವುದೂ ನಮಗೆ ದಾಸೋಹವೇ ಆಗಬೇಕಲ್ಲವೆ? ಕಾಯಕವು ದೊಡ್ಡದೆಂದು ಸಭೆಯಲ್ಲಿ ಹೊಗಳುವುದು ಸುಲಭ. ಕಾಯಕವನ್ನು ಮಾಡುವವನು ಸಂಜೆಗೆ ನೆಲಕ್ಕಿಳಿದು, ಬಚ್ಚಲ ಒಲೆಯ ಮುಂದೆ ಮೈ ಕಾಯಿಸಿಕೊಂಡು, ಬಿಸಿಯಾದ ಕಷಾಯವನ್ನು ಕುಡಿದು, ತನ್ನ ಮನೆಯನ್ನು ಸುಖವಾಗಿ ಸೇರುವಂತೆ ನೋಡಿಕೊಳ್ಳುವುದೇ ಆ ಹೊಗಳಿಕೆಗೆ ಬೆಲೆ.

ಬರುವ ಮುಂಗಾರಿಗೆ ಮುನ್ನ ಶ್ರೀಮಠದ ಭಕ್ತರಾದ ತೋಟಗಾರರು ತಂತಮ್ಮ ಊರುಗಳಲ್ಲಿ ಕೂಡಿ, ಮಳೆಗೆ ಕಾದ ದಿನದ ಕೂಲಿ, ರಕ್ಷಣೆಯ ಹಗ್ಗ, ವಿಮೆ ಎಂಬ ಈ ಮೂರನ್ನು ನಿಶ್ಚಯಮಾಡಿಕೊಳ್ಳಬೇಕೆಂದು ಕೈಮುಗಿದು ಪ್ರಾರ್ಥಿಸುತ್ತೇನೆ. ಹಾಗೆ ಮಾಡಿದಲ್ಲಿ ನಾವು ಗುರುಪಾದಕ್ಕೆ ಅರ್ಪಿಸುವ ತಾಂಬೂಲವು ಯಾರ ಕಣ್ಣೀರೂ ಸೋಕದ ಶುದ್ಧವಾದ ಕಾಣಿಕೆಯಾಗುವುದು. ಶ್ರೀ ಸನ್ನಿಧಿಯವರ ಅನುಗ್ರಹವು ಮರದ ಮೇಲಿರುವವರಿಗೂ ಮರದ ಕೆಳಗಿರುವವರಿಗೂ ಸಮವಾಗಿ ದೊರೆಯಲೆಂದು ಬೇಡಿಕೊಂಡು ವಿರಮಿಸುತ್ತೇನೆ.