ಸಂತಾನದ ಗುಳಿಗೆಗಳು

ನಮ್ಮ ಭಾಷೆಯಲ್ಲಿ 'ಬಂಜೆ' ಎಂಬ ಮಾತು ಉಂಟು. ಗಂಡಸಿಗೆ ಅನ್ವಯಿಸುವ ಸರಿಸಾಟಿಯಾದ ಮಾತು ದಿನಬಳಕೆಯಲ್ಲಿಲ್ಲ. 'ಷಂಡ' ಎಂಬುದು ಬೇರೆಯೇ ಅರ್ಥದ ಬೈಗುಳ. ಮಕ್ಕಳಾಗದ ಮನೆಯಲ್ಲಿ ಕೊರತೆ ಯಾರದೆಂಬುದನ್ನು ವೈದ್ಯರಿಗಿಂತ ಮೊದಲೇ ಭಾಷೆ ತೀರ್ಮಾನಿಸಿಬಿಟ್ಟಿದೆ. ಆದುದರಿಂದ, ಹೆಂಗಸರ ಒಂದು ತೊಂದರೆಯನ್ನು ಕುರಿತು ಮಾತನಾಡುವ ಮುನ್ನ ಒಂದು ಸಂಗತಿಯನ್ನು ಹೇಳಿಬಿಡುವುದು ಒಳ್ಳೆಯದು. ಹೆಂಡತಿಗೆ ಗುಳಿಗೆ ಆರಂಭಿಸುವ ಮೊದಲು ಗಂಡನ ವೀರ್ಯಪರೀಕ್ಷೆ ಆಗಬೇಕು. ಅದು ಸುಲಭವಾದ ಪರೀಕ್ಷೆ. ಹಾಗಿದ್ದೂ ಎಷ್ಟೋ ಮನೆಗಳಲ್ಲಿ ಅದರ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ.

ನಾನು ಹೇಳಹೊರಟ ತೊಂದರೆಗೆ ಜನರ ಬಾಯಲ್ಲಿ ಪಿಸಿಓಡಿ ಎಂದು ಹೆಸರು. ವೈದ್ಯಗ್ರಂಥಗಳು ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ ಎನ್ನುತ್ತವೆ. ಹೆರುವ ವಯಸ್ಸಿನ ಹತ್ತು ಹೆಂಗಸರಲ್ಲಿ ಒಬ್ಬರಿಗೆ ಇದು ಇರುತ್ತದೆಂಬುದು ಸ್ಥೂಲವಾದ ಅಂದಾಜು. 1935ರಲ್ಲಿ ಷಿಕಾಗೋ ನಗರದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಇಂಥ ಏಳು ಮಂದಿಯ ವಿವರ ಪ್ರಕಟಿಸಿದರು. ಉಬ್ಬಿದ ಅಂಡಾಶಯಗಳಿಂದ ಒಂದಿಷ್ಟು ಭಾಗವನ್ನು ಕತ್ತರಿಸಿ ತೆಗೆದಾಗ ಏಳು ಮಂದಿಗೂ ಮುಟ್ಟು ಕ್ರಮಕ್ಕೆ ಬಂತು, ಇಬ್ಬರು ಗರ್ಭಿಣಿಯರಾದರು. ಹೆಸರಿನಲ್ಲಿ ನೀರುಗುಳ್ಳೆಯ ಪ್ರಸ್ತಾಪವಿದ್ದರೂ ಅವು ಗಡ್ಡೆಗಳಲ್ಲ. ಬೆಳೆಯಲು ಹೊರಟು ಅರ್ಧದಲ್ಲೇ ನಿಂತುಹೋದ ಅಂಡಕೋಶಿಕೆಗಳು. ಕಾಯಿ ಕಟ್ಟಿಯೂ ಹಣ್ಣಾಗದ ಗಿಡದಂತೆ.

ಶಸ್ತ್ರದ ಜಾಗಕ್ಕೆ ಗುಳಿಗೆ ಬಂದದ್ದು ಕ್ಲೋಮಿಫೀನ್ ಮೂಲಕ. 1961ರಲ್ಲಿ ಅದರ ಗುಣ ವರದಿಯಾಯಿತು. 1967ರಲ್ಲಿ ಅಮೆರಿಕದ ಸರ್ಕಾರ ಅನುಮತಿ ನೀಡಿತು. ಈ ಮದ್ದು ಕೆಲಸ ಮಾಡುವುದು ಮೆದುಳಿಗೆ ಒಂದು ಸುಳ್ಳು ಹೇಳಿ. ರಕ್ತದಲ್ಲಿ ಈಸ್ಟ್ರೋಜನ್ ಸಾಕಷ್ಟಿದ್ದರೂ ಅದು ಕೂರಬೇಕಾದ ಪೀಠಗಳಲ್ಲಿ ತಾನೇ ಹೋಗಿ ಕೂತುಬಿಡುತ್ತದೆ. ಈಸ್ಟ್ರೋಜನ್ ಬರಿದಾಯಿತೆಂದು ಬಗೆದ ಮೆದುಳು ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ. ಆ ಗ್ರಂಥಿಯ ರಸ ಅಂಡಕೋಶಿಕೆಯನ್ನು ಬೆಳೆಸುತ್ತದೆ. ಸುಳ್ಳು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಗರ್ಭಕೋಶದ ಒಳಪದರಕ್ಕೂ ಅದೇ ಸುಳ್ಳು ಮುಟ್ಟುತ್ತದೆ. ಮದ್ದು ದೇಹದಲ್ಲಿ ವಾರಗಟ್ಟಲೆ ಉಳಿಯುವುದರಿಂದ ಆ ಪದರ ಕೆಲವರಲ್ಲಿ ತೆಳುವಾಗುತ್ತದೆ. ಅಂಡ ಬಿಡುಗಡೆಯಾದರೂ ಗರ್ಭ ನಿಲ್ಲದಿರುವುದಕ್ಕೆ ಇದೂ ಒಂದು ಕಾರಣವೆಂದು ವೈದ್ಯರ ಊಹೆ.

ಲೆಟ್ರೋಜೋಲ್ ಮೂಲತಃ ಸ್ತನ ಕ್ಯಾನ್ಸರಿನ ಮದ್ದು. ಇದು ಮೆದುಳನ್ನು ವಂಚಿಸುವುದಿಲ್ಲ. ಈಸ್ಟ್ರೋಜನ್ ತಯಾರಿಯನ್ನೇ ಕೆಲವು ದಿನ ತಗ್ಗಿಸುತ್ತದೆ. ಮುಟ್ಟಿನ ಆರಂಭದಲ್ಲಿ ಐದು ದಿನ ನುಂಗಿದರೆ, ಅಂಡ ಬಿಡುವ ಹೊತ್ತಿಗೆ ಬಹುಮಟ್ಟಿಗೆ ದೇಹವನ್ನು ಬಿಟ್ಟು ಹೋಗಿರುತ್ತದೆ. ಇದನ್ನು ಹೀಗೆ ಬಳಸಬಹುದೆಂದು 2001ರಲ್ಲಿ ತೋರಿಸಿದವರು ಟೊರಾಂಟೋದ ಮಿಟ್ವಾಲಿ ಮತ್ತು ಕ್ಯಾಸ್ಪರ್.

ಎರಡರಲ್ಲಿ ಯಾವುದು ಮೇಲು? ಅಮೆರಿಕದಲ್ಲಿ 750 ಹೆಂಗಸರ ಮೇಲೆ ನಡೆದ ಪರೀಕ್ಷೆಯ ಫಲ 2014ರಲ್ಲಿ ಪ್ರಕಟವಾಯಿತು. ಐದು ಋತುಚಕ್ರಗಳವರೆಗಿನ ಚಿಕಿತ್ಸೆಯಲ್ಲಿ ಲೆಟ್ರೋಜೋಲ್ ಪಡೆದವರ ಪೈಕಿ ನೂರಕ್ಕೆ 27.5 ಮಂದಿಗೆ ಜೀವಂತ ಶಿಶು ಹುಟ್ಟಿತು. ಕ್ಲೋಮಿಫೀನ್ ಪಡೆದವರಲ್ಲಿ 19.1 ಮಂದಿಗೆ. ಗೆದ್ದದ್ದು ಲೆಟ್ರೋಜೋಲ್, ನಿಜ. ಆದರೆ ಗೆದ್ದ ಮದ್ದನ್ನು ನುಂಗಿದವರಲ್ಲೂ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಂದಿಯ ಮಡಿಲು ಆ ಅವಧಿಯಲ್ಲಿ ತುಂಬಲಿಲ್ಲ. ಜಾಹೀರಾತುಗಳು ಈ ಎರಡನೆಯ ಲೆಕ್ಕವನ್ನು ಹೇಳುವುದಿಲ್ಲ.

ಪುತ್ರಕಾಮೇಷ್ಟಿಯ ಪಾಯಸದಲ್ಲಿ ಎರಡು ಪಾಲು ಪಡೆದ ಸುಮಿತ್ರೆಗೆ ಅವಳಿ ಮಕ್ಕಳಾದವು. ಗುಳಿಗೆಯ ವಿಷಯದಲ್ಲೂ ಈ ಸಂಭವ ಉಂಟು. ಆ ಪರೀಕ್ಷೆಯ ಗರ್ಭಿಣಿಯರಲ್ಲಿ ಅವಳಿ ಗರ್ಭ ಕ್ಲೋಮಿಫೀನಿನಿಂದ ನೂರಕ್ಕೆ 7.4, ಲೆಟ್ರೋಜೋಲಿನಿಂದ 3.4. ಸಂಖ್ಯೆಗಳು ಚಿಕ್ಕವಾದ್ದರಿಂದ ಈ ಅಂತರ ಆಕಸ್ಮಿಕವೂ ಆಗಿರಬಹುದು. ಅವಳಿ ಎಂದರೆ ಮನೆಯವರಿಗೆ ಸಂಭ್ರಮ. ಹೆರಿಗೆ ಮಾಡಿಸುವವರಿಗೆ ಆತಂಕ.

ಮಧುಮೇಹಿಗಳ ಮೆಟ್ಫಾರ್ಮಿನ್ ಕುರಿತು ಒಂದು ಮಾತು ಸಾಕು. 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದನ್ನೊಂದನ್ನೇ ಪಡೆದವರ ಪೈಕಿ ನೂರಕ್ಕೆ 7.2 ಮಂದಿಗೆ ಮಾತ್ರ ಮಗುವಾಯಿತು. ಕ್ಲೋಮಿಫೀನ್ ಪಡೆದವರಲ್ಲಿ 22.5 ಮಂದಿಗೆ.

ನಮ್ಮ ದೇಶದಲ್ಲಿ ಲೆಟ್ರೋಜೋಲಿನ ಕಥೆ ವಕ್ರವಾಗಿ ಹರಿಯಿತು. ಅದರಿಂದ ಶಿಶುಗಳಲ್ಲಿ ಅಂಗದೋಷ ಹೆಚ್ಚಬಹುದೆಂಬ ವರದಿಯೊಂದು 2005ರ ಸಮ್ಮೇಳನದಲ್ಲಿ ಮಂಡಿತವಾಯಿತು. ಮರುವರ್ಷ 911 ಶಿಶುಗಳನ್ನು ಹೋಲಿಸಿದ ಕೆನಡಾದ ಅಧ್ಯಯನಕ್ಕೆ ಅಂಥ ಹೆಚ್ಚಳ ಕಾಣಲಿಲ್ಲ. ಆದರೂ 2011ರಲ್ಲಿ ಭಾರತ ಸರ್ಕಾರ ಬಂಜೆತನಕ್ಕೆ ಅದರ ಬಳಕೆಯನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 2017ರಲ್ಲಿ. ಎಚ್ಚರಿಕೆ ತಪ್ಪಲ್ಲ, ಗರ್ಭಿಣಿ ನುಂಗಬಾರದ ಮದ್ದು ಅದು, ಪ್ರತಿ ಸಲವೂ ಗರ್ಭವಿಲ್ಲವೆಂದು ಖಚಿತಪಡಿಸಿಕೊಂಡೇ ಕೊಡಬೇಕು. ಆದರೆ 2014ರ ಫಲಿತಾಂಶ ಕಣ್ಣೆದುರು ಇದ್ದಾಗಲೂ ಮೂರು ವರ್ಷ ಕಾದದ್ದು ದೀರ್ಘವೆಂದೇ ನನ್ನ ಅಭಿಪ್ರಾಯ. ಮೂವತ್ತೈದು ದಾಟಿದ ಹೆಂಗಸಿಗೆ ಮೂರು ವರ್ಷ ಎಂದರೆ ಅಲ್ಪಕಾಲವಲ್ಲ. 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಲೆಟ್ರೋಜೋಲಿಗೇ ಮೊದಲ ಸ್ಥಾನ ಕೊಟ್ಟಿತು. 2023ರದ್ದು ಅದನ್ನೇ ಉಳಿಸಿಕೊಂಡಿತು.

ಹಳೆಯ ಚೀಟಿ ತೋರಿಸಿ ಔಷಧದಂಗಡಿಯಿಂದ ತಿಂಗಳು ತಿಂಗಳೂ ಗುಳಿಗೆ ತರಿಸಿ ನುಂಗುವವರುಂಟು. ಕ್ಲೋಮಿಫೀನನ್ನು ಒಟ್ಟು ಆರು ಚಕ್ರಗಳಿಗಿಂತ ಹೆಚ್ಚು ಮುಂದುವರಿಸುವ ವಾಡಿಕೆಯಿಲ್ಲ. ಅಂಡ ಬೆಳೆಯಿತೇ ಎಂದು ಸ್ಕ್ಯಾನಿಂಗಿನಲ್ಲಿ ನೋಡಿ ಪ್ರಮಾಣ ಬದಲಿಸಬೇಕಾಗುತ್ತದೆ. ಗುಳಿಗೆ ಫಲಿಸದಿದ್ದರೆ ಚುಚ್ಚುಮದ್ದು ಉಂಟು, ಉದರದರ್ಶಕದ ಮೂಲಕ ಅಂಡಾಶಯಕ್ಕೆ ಮಾಡುವ ಚಿಕ್ಕ ಶಸ್ತ್ರಕ್ರಿಯೆ ಉಂಟು, ಪ್ರನಾಳ ಶಿಶುವಿನ ಹಾದಿಯೂ ಉಂಟು. ಅವುಗಳ ಖರ್ಚನ್ನೂ ಗಂಡಾಂತರವನ್ನೂ ವೈದ್ಯರ ಮುಂದೆ ಕೂತು ಕೇಳಿ ತಿಳಿಯುವಾಗ ಗಂಡನೂ ಪಕ್ಕದ ಕುರ್ಚಿಯಲ್ಲಿರಲಿ.